ವಾಚಕಬಂಧು ಮಾಡಿಸಿದ ಮದುವೆ

"ಅಂಬುಜಾ, ಕಣ್ಣು ಮುಚ್ಚು. ಕೈ ಚಾಚು!" ಎಂದರು ನಮ್ಮ ಯಜಮಾನರು.

ಚಾಚಿದೆ. ಚಪಾತಿ ಮಣೆಯಷ್ಟು ಅಗಲದ, ಅದಕ್ಕಿಂತ ಭಾರದ ಏನೋ ಒಂದು ಬಂದು ಅಂಗೈ ಮೇಲೆ ಕೂತಿತು. ಕಣ್ಣು ಬಿಟ್ಟರೆ ಕಪ್ಪು ಹಲಗೆ. ಅದರ ನೆತ್ತಿಯ ಮೇಲಿದ್ದ ಕ್ಯಾಮೆರಾ ನನ್ನನ್ನೇ ದುರುಗುಟ್ಟಿ ನೋಡುತ್ತಿತ್ತು.

"ಏನ್ರೀ ಇದು?"

"ನಿನ್ನ ಹೊಸ ಇ-ರೀಡರ್! ಹೆಸರು ವಾಚಕಬಂಧು!"

ನನಗೆ ಅಳು ಬಂತು. ಸಂತೋಷಕ್ಕೆ ಅಳುತ್ತಿದ್ದೇನೆಂದು ಅವರು ತಿಳಿದುಕೊಂಡರು.

ನನ್ನ ಹಳೆಯ ಇ-ರೀಡರ್ ಹೇಗಿತ್ತು ಗೊತ್ತೇ! ಒಂದೇ ಕೈಯಲ್ಲಿ ಹಿಡಿಯಬಹುದಿತ್ತು. ಪುಟ ತಿರುಗಿಸಲು ಪಕ್ಕದಲ್ಲೇ ಗುಂಡಿ. ನನ್ನ ಮಂಜುಗಣ್ಣಿಗೆ ಬೇಕಾದಷ್ಟು ದಪ್ಪ ಅಕ್ಷರ. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು, ಕಾಲು ಚಾಚಿ ಕೂತು ಒಂದು ಕೊಲೆ ಓದಿದರೆ ನನ್ನ ದಿನ ಸಾರ್ಥಕ. ಎರಡು ತಿಂಗಳ ಹಿಂದೆ ಅದು ಕೆಟ್ಟಿತು. ಕೆಟ್ಟದ್ದಾದರೂ ಎಂಥ ಹೊತ್ತಿನಲ್ಲಿ! 'ಏಳನೇ ಮೆಟ್ಟಿಲ ಹೆಣ' ಕಾದಂಬರಿಯ ಕೊನೆಯ ಅಧ್ಯಾಯ. ಸಾಹುಕಾರ ದೇವರಾಜ ಕಲ್ಯಾಣಿಯ ಮೆಟ್ಟಿಲ ಮೇಲೆ ಸತ್ತು ಬಿದ್ದಿದ್ದಾನೆ. ಪತ್ತೇದಾರ ವಿಕ್ರಾಂತ್ ಮನೆಯವರನ್ನೆಲ್ಲ ಹಜಾರದಲ್ಲಿ ಕೂರಿಸಿಕೊಂಡು, "ಕೊಲೆಗಾರ ಈ ಕೋಣೆಯಲ್ಲೇ ಇದ್ದಾನೆ" ಎನ್ನುತ್ತಾನೆ. ನಾನು ಗುಂಡಿ ಒತ್ತಿದೆ. ಪರದೆ ಬಿಳಿಚಿಕೊಂಡಿತು. ಅಷ್ಟೇ!

"ಆ ಮಾಡೆಲ್ ನಿಲ್ಲಿಸ್ಬಿಟ್ರು ಮೇಡಂ" ಎಂದ ತುಮಕೂರಿನ ಅಂಗಡಿಯವನು. ಅವನು ತೋರಿಸಿದ ಹೊಸವುಗಳಿಗೆ ಗುಂಡಿಯೇ ಇಲ್ಲ. ಒಂದನ್ನು ಮುಟ್ಟಿದರೆ ಹತ್ತು ಪುಟ ಹಾರುತ್ತಿತ್ತು. ಇನ್ನೊಂದರಲ್ಲಿ ಒತ್ತಕ್ಷರಗಳು ಜಾರಿ ಕೆಳಗಿನ ಸಾಲಿನ ತಲೆ ಮೇಲೆ ಕೂರುತ್ತಿದ್ದವು. ಮೂರನೆಯದು ಪರವಾಗಿಲ್ಲ, ತೆಗೆದುಕೊಂಡೇಬಿಡೋಣ ಎನ್ನುವಷ್ಟರಲ್ಲಿ ಯಜಮಾನರು ನನ್ನ ಕೈ ಹಿಡಿದೆಳೆದರು.

"ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಹೇಳ್ಕೊಟ್ಟೋನ ಹೆಂಡ್ತಿ ಅಂಗಡೀಲಿ ತಗೋಬೇಕಾ? ನಾನ್ ಮಾಡಿಕೊಡ್ತೀನಿ!"

ಇವರು ಹಿಂದೆ ಮಾಡಿಕೊಟ್ಟ ರುಬ್ಬುವ ಯಂತ್ರ ಇವತ್ತಿಗೂ ಅಡುಗೆಮನೆಯ ಸೂರಿನಲ್ಲಿ ಸಿಕ್ಕಿಕೊಂಡಿದೆ.

"ಬೇರೆಯವು ಪುಸ್ತಕ ತೋರಿಸ್ತವೆ ಅಷ್ಟೆ" ಎಂದು ಯಜಮಾನರು ಈಗ ಹಲಗೆಯ ಬೆನ್ನು ತಟ್ಟಿದರು. "ಇದು ಓದೋರ್ನೇ ಓದುತ್ತೆ! ಎಲ್ಲಿ ಓದೋರಿಗೆ ಸಂಕಟ ಆಗುತ್ತೋ, ಅಲ್ಲಿ ಕತೆನ ತಾನೇ ರಿಪೇರಿ ಮಾಡುತ್ತೆ!"

"ನಂಗೆಲ್ಲಿ ಸಂಕಟ ಆಗುತ್ತೆ ಅಂತ ಅದಕ್ಹೇಗೆ ಗೊತ್ತು?"

"ತರಬೇತಿ ಕೊಟ್ಟಿದೀನಿ. ನಿನ್ನ ಕೇಳಿದ್ರೆ ಹೊಡೆಯೋಕೇ ಬಂದೆ. ಅದಕ್ಕೇ ಒಂದು ತಿಂಗಳಿಂದ ಅಮ್ಮನ ಸೋಫಾ ಪಕ್ಕ ಇಟ್ಟಿದ್ದೆ."

ನಮ್ಮತ್ತೆ ಟಿ.ವಿ. ಧಾರಾವಾಹಿಯನ್ನು ಸುಮ್ಮನೆ ನೋಡುವವರಲ್ಲ. "ಅಯ್ಯೋ ಪೆದ್ದೇ, ಆ ಹಾಲು ಕುಡೀಬೇಡ್ವೇ!", "ಮೊದಲು ಬಾಗಿಲು ಹಾಕ್ಕೊಳೋ!" ಎಂದು ಪಾತ್ರಗಳಿಗೆ ಕೂಗಿ ಕೂಗಿ ಬುದ್ಧಿ ಹೇಳುತ್ತಾರೆ. ಟಿ.ವಿ.ಯವರು ಒಬ್ಬರೂ ಕೇಳುವುದಿಲ್ಲ. ಅದೇ ಅವರ ಬಹುದಿನದ ದುಃಖ.

ವಾಚಕಬಂಧುವಿನ ಪಾತ್ರಗಳು ಕೇಳಿದವು!

ಆ ಮಧ್ಯಾಹ್ನವೇ ನನ್ನ ಕಾದಂಬರಿ ತೆರೆದೆ. ಕೊನೆಯ ಅಧ್ಯಾಯ ಹುಡುಕಿದರೆ, ಅಂಥದ್ದೇ ಇಲ್ಲ. ಮೊದಲಿಂದ ಓದಿದೆ. ಸಾಹುಕಾರ ದೇವರಾಜ ಮುಸ್ಸಂಜೆಯಲ್ಲಿ ಕಲ್ಯಾಣಿಯ ಕಡೆ ಹೊರಟ. ದೀಪ ಹಚ್ಚುವ ಹೊತ್ತಿನಲ್ಲಿ ನೀರಿನ ಹತ್ತಿರ ಹೋಗಬಾರದೆಂದು ನೆನಪಾಗಿ ಅರ್ಧ ದಾರಿಯಿಂದ ಹಿಂತಿರುಗಿದ. ಕೈಕಾಲು ತೊಳೆದ, ಬಿಸಿಬಿಸಿ ಅನ್ನ ಸಾರು ಉಂಡ, ಚಿಲಕ ಹಾಕಿ ಮಲಗಿದ. ಶುಭಂ!

"ರೀ! ಹೆಣ ಎಲ್ರೀ?"

"ಯಾರ ಹೆಣ?"

"ಸಾಹುಕಾರಂದು! ಇವನು ಸಾಯಲೇ ಇಲ್ಲ!"

"ಒಳ್ಳೇದಾಯ್ತಲ್ಲೇ!" ಎಂದರು ಅತ್ತೆ ಒಳಗಿನಿಂದ.

ಬೇರೆ ಪುಸ್ತಕಗಳ ಗತಿಯೂ ಅದೇ. ಓಡಿಹೋಗುತ್ತಿದ್ದ ಪ್ರೇಮಿಗಳು ಬಸ್‌ಸ್ಟ್ಯಾಂಡಿನಿಂದ ವಾಪಸು ಬಂದು ಬಿ.ಎಡ್. ಮುಗಿಸಿದರು. ನಿಧಿ ಹುಡುಕಲು ಹೊರಟವನು ಮೋಡ ನೋಡಿ ಮನೆಯಲ್ಲೇ ಉಳಿದ. ನನ್ನನ್ನು ಮೂರು ದಿನ ನಡುಗಿಸಿದ್ದ ಮೋಹಿನಿ ದೆವ್ವ ತಲೆಗೆ ಎಣ್ಣೆ ಹಚ್ಚಿ, ಜಡೆ ಹಾಕಿಕೊಂಡು, ಹೂ ಮುಡಿದು ಕೂತಿತು. ಆ ಹೆಣದ ಕಾದಂಬರಿಯನ್ನು ಮತ್ತೆ ತರಿಸಿದರೂ ಯಂತ್ರದೊಳಗೆ ಕಾಲಿಟ್ಟ ತಕ್ಷಣ ತಿದ್ದಿಹೋಗುತ್ತಿತ್ತು. ಆ ಕಾದಂಬರಿ ಕಾಗದದಲ್ಲಿ ಅಚ್ಚಾದದ್ದೇ ಅಲ್ಲ. ಫೋನಿನಲ್ಲಿ ಓದೋಣವೆಂದರೆ ನನ್ನ ಕಣ್ಣಿಗೆ ಆ ಅಕ್ಷರಗಳು ಇರುವೆ ಸಾಲು. ಸದ್ದಿಲ್ಲದೆ ಅಂಗಡಿಗೆ ಓಡಿದೆ. ಆ ಮೂರನೆಯ ಮಾಡೆಲನ್ನೂ ನಿಲ್ಲಿಸಿದ್ದರು!

ಕೊಲೆಗಾರ ಯಾರೆಂದು ತಿಳಿಯದೆ ನನಗೆ ಊಟ ಸೇರುತ್ತಿರಲಿಲ್ಲ. ಸಾರಿಗೆ ಎರಡೆರಡು ಸಲ ಉಪ್ಪು ಬೀಳುತ್ತಿತ್ತು.

"ಕತೆ ಬೇಗ ಮುಗಿಯುತ್ತೆ, ಅಷ್ಟೇ ತಾನೇ ನಿನ್ನ ಕಂಪ್ಲೇಂಟು?" ಎಂದು ಯಜಮಾನರು ಸ್ಕ್ರೂಡ್ರೈವರ್ ಹಿಡಿದರು. "ನನ್ನ ಫೋನಿಗೆ ಜೋಡಿಸ್ತೀನಿ. ಲೋಕವ್ಯವಹಾರ ತಿಳ್ಕೊಂಡು ಕತೆ ಬೆಳೆಸ್ಲಿ."

"ಬೇಡಾಂದ್ರೆ!"

ಜೋಡಿಸಿದರು. ಕತೆ ಬೆಳೆಯಿತು. ಕೊಲೆಯಿಲ್ಲದೆ ಕೆಲಸವೂ ಇಲ್ಲದೆ ಕೂತಿದ್ದ ಪತ್ತೇದಾರ ವಿಕ್ರಾಂತ್‌ಗೆ ಯಂತ್ರ ಹೆಣ್ಣು ಹುಡುಕತೊಡಗಿತು. ಸಾಹುಕಾರನ ಒಬ್ಬಳೇ ಮಗಳು ಮೃಣಾಲಿನಿಯ ಜಾತಕ ಕೂಡಿಬಂತು. ಅತ್ತೆ ಹಲಗೆಯನ್ನು ನನ್ನ ಕೈಯಿಂದ ಕಿತ್ತುಕೊಂಡು ತಾವೇ ಓದಲು ಕೂತರು. "ಹುಡುಗ ಲಕ್ಷಣವಾಗಿದಾನೆ. ಇನ್ನೇನಕ್ಕೆ ತಡ?" ಎಂದು ಅದರ ಕ್ಯಾಮೆರಾಕ್ಕೇ ಹೇಳಿದರು.

ಮರುವಾರ ಬೆಳಿಗ್ಗೆ ಬಾಗಿಲು ತೆರೆದರೆ ಹೆಗಲ ಮೇಲೆ ಟವೆಲ್ ಹಾಕಿಕೊಂಡ ಒಬ್ಬರು ನಿಂತಿದ್ದರು.

"ಅಡುಗೆ ಸುಬ್ರಾಯ ಭಟ್ರು ನಾನು. ಭಾನುವಾರದ ಮದುವೆಗೆ ಎಷ್ಟು ಎಲೆ ಅಂತ ಕೇಳೋಣಾಂತ ಬಂದೆ."

"ಯಾರ ಮದುವೆ?"

"ವಿಕ್ರಾಂತ್, ಮೃಣಾಲಿನಿ. ನಿಮ್ಮೆಜಮಾನ್ರ ಫೋನಿಂದ್ಲೇ ಮೆಸೇಜ್ ಬಂತಲ್ಲ ತಾಯಿ?"

ಯಂತ್ರ ಛತ್ರ ಹಿಡಿದಿತ್ತು, ಓಲಗದವರಿಗೆ ಹೇಳಿತ್ತು, ಫೋನಿನಲ್ಲಿ ಹೆಸರಿದ್ದವರಿಗೆಲ್ಲ ಆಹ್ವಾನ ಕಳಿಸಿತ್ತು!

"ಇವತ್ತೇ ಎಲ್ಲರಿಗೂ ಬೇಡ ಅಂತ ಹೇಳ್ರೀ!" ಎಂದು ಕಿರುಚಿದೆ.

"ಪ್ರಯೋಗ ಅರ್ಧಕ್ಕೆ ನಿಲ್ಲಿಸ್ಬಾರ್ದು ಅಂಬುಜಾ."

"ಊಟಕ್ಕೆ ಕರೆದು ಬರ್ಬೇಡಿ ಅನ್ನೋದಾ? ನಮ್ಮ ಮನೆತನದಲ್ಲಿ ಇಲ್ಲ ಅದು" ಎಂದ ಅತ್ತೆ ಭಟ್ಟರ ಕಡೆ ತಿರುಗಿದರು. "ಮುನ್ನೂರು ಎಲೆ ಹಾಕಿ. ಒಬ್ಬಟ್ಟು ಇರ್ಲಿ."

ಭಾನುವಾರ ಮುನ್ನೂರು ಎಲೆ ಸಾಲಲಿಲ್ಲ. ಮಂಟಪದಲ್ಲಿ ಎರಡು ಕುರ್ಚಿ. ಒಂದು ಖಾಲಿ, ಇನ್ನೊಂದರ ಮೇಲೆ ವಾಚಕಬಂಧು. ಹುಡುಗ ಹುಡುಗಿ ಎಲ್ಲಿ ಎಂದು ಕೇಳಿದವರಿಗೆ ಯಜಮಾನರು, "ಫೋಟೋ ಶೂಟ್‌ಗೆ ಹೋಗಿದಾರೆ" ಎಂದರು. ಒಬ್ಬರಿಗಾದರೂ ಅನುಮಾನ ಬರಬೇಡವೇ! ಎಲ್ಲರೂ ತಲೆಯಾಡಿಸಿ, ಕುರ್ಚಿಯ ಮೇಲೆ ಉಡುಗೊರೆ ಇಟ್ಟು, ಎಷ್ಟನೇ ಪಂಕ್ತಿ ನಡೆಯುತ್ತಿದೆ ಎಂದು ವಿಚಾರಿಸಿಕೊಂಡು ಹೋದರು.

ಮುಹೂರ್ತಕ್ಕೆ ಗಟ್ಟಿಮೇಳ ಮೊಳಗಿತು. ಜನ ಅಭ್ಯಾಸಬಲದಿಂದ ಅಕ್ಷತೆ ಎಸೆದರು. ಯಂತ್ರದ ಚಾರ್ಜಿಂಗ್ ತೂತಿನೊಳಗೆ ಅಕ್ಕಿ ತುಂಬಿ ಚರ್ರೆಂದಿತು, ಹೊಗೆ ಎದ್ದಿತು. ಪರದೆ ಆರುವ ಮುನ್ನ ಅದರ ಮೇಲೆ ಕೊನೆಯ ಸಾಲು ಮೂಡಿತ್ತು: "ಮಾಂಗಲ್ಯಧಾರಣೆ ಆಯಿತು." ಯಜಮಾನರು ಕಣ್ಣೊರೆಸಿಕೊಂಡರು. ಹೆಣ್ಣಿನ ತಂದೆಯೆಂದು ತಿಳಿದು ನಾಲ್ಕು ಜನ ಅವರಿಗೆ ಸಮಾಧಾನ ಹೇಳಿದರು.

ನಾನು ಹಲ್ಲು ಕಚ್ಚಿಕೊಂಡು ಊಟಕ್ಕೆ ಕೂತೆ. ಪಕ್ಕದ ಎಲೆಯಲ್ಲಿದ್ದ ಕನ್ನಡಕದ ಮಹನೀಯರು, "ನೀವು ಹೆಣ್ಣಿನ ಕಡೆಯೋ, ಗಂಡಿನ ಕಡೆಯೋ?" ಎಂದರು.

"ಓದೋರ ಕಡೆ" ಎಂದೆ ಸಿಡುಕಿ.

ಅವರು ನಕ್ಕರು. "ನಾನೂ ಓದೋನೇ. ಬಾಗಿಲಲ್ಲಿ ಹೆಸರು ನೋಡಿ ನಗು ಬಂತು. ಒಂದು ಪತ್ತೇದಾರಿ ಕಾದಂಬರೀಲಿ ಇವೇ ಎರಡು ಹೆಸರು ಬರ್ತವೆ."

ಒಬ್ಬಟ್ಟು ನನ್ನ ಗಂಟಲಲ್ಲೇ ನಿಂತಿತು. "ಏಳನೇ ಮೆಟ್ಟಿಲ ಹೆಣ! ಪೂರ್ತಿ ಓದಿದೀರಾ? ಕೊಲೆಗಾರ ಯಾರು? ನಿಮ್ಮ ದಮ್ಮಯ್ಯ, ಬೇಗ ಹೇಳಿ!"

"ಇನ್ಯಾರು? ಆ ಪತ್ತೇದಾರನೇ! ಸಾಹುಕಾರನ್ನ ಮುಗಿಸಿ, ಮಗಳನ್ನ ಮದುವೆ ಮಾಡ್ಕೊಂಡು, ಆಮೇಲೆ ಅವಳನ್ನೂ ಮುಗಿಸಿ ಆಸ್ತಿ ಹೊಡೆಯೋ ಸಂಚು. ಪುಣ್ಯಕ್ಕೆ ಮದುವೆಗೆ ಮುಂಚೇನೇ ಸಿಕ್ಕಿಬೀಳ್ತಾನೆ."

ಎಂಜಲು ಕೈಯಲ್ಲೇ ಎದ್ದು ಓಡಿದೆ. ಅತ್ತೆ ಬಾಗಿಲ ಬಳಿ ನಿಂತು ಹೋಗುವವರಿಗೆಲ್ಲ ತಾಂಬೂಲ ಕೊಡುತ್ತಿದ್ದರು.

"ಅತ್ತೆ! ಆ ವಿಕ್ರಾಂತೇ ಕೊಲೆಗಾರನಂತೆ! ಆ ಹುಡುಗೀನ ಕೊಲೆಗಡುಕನ ಕೈಗೆ ಕೊಟ್ಟುಬಿಟ್ವಲ್ಲ!"

ಅತ್ತೆ ಮುಂದಿನವರ ಕೈಗೆ ತೆಂಗಿನಕಾಯಿ ಇಡುತ್ತಾ, "ತಾಳಿ ಕಟ್ಟಾಯ್ತಲ್ಲೇ, ಇನ್ನೇನ್ ಮಾಡೋಕಾಗುತ್ತೆ? ಹೊಂದ್ಕೊಂಡು ಹೋಗ್ಲಿ" ಎಂದರು.