ಪರದೆಗೆ ಚಾರ್‌ಮಿನಾರ್ ತೋರಿಸಿದ ಹಂಪಣ್ಣ

"ಹೈದರಾಬಾದ ಅಂದ್ರ ನನ್ನ ಅಂಗೈ! ಕಣ್ಣು ಮುಚ್ಚಿ ತಿರುಗಾಡಿಸ್ತೀನಿ, ನೋಡ್ತಿರು!"

ಕುಷ್ಟಗಿಯ ಕಾಳಿನ ವ್ಯಾಪಾರಿ ಹಂಪಣ್ಣ ಹೀಗೆ ಘೋಷಿಸಿದ್ದು ಹೆಂಡತಿ ಬಸವಣ್ಣೆಮ್ಮನ ಮುಂದೆ. ಕೇಳಿಸಿದ್ದು ಇಡೀ ಓಣಿಗೆ. ಅವನ ಗಂಟಲೇ ಹಾಗೆ. ನಿಜ ಹೇಳಬೇಕೆಂದರೆ ಅವನು ನಿಜಾಮರ ರಾಜಧಾನಿಯನ್ನು ನೋಡಿದ್ದು ಒಂದೇ ಸಲ, ಆರು ವರ್ಷದ ಹಿಂದೆ, ಯಾರದೋ ಹೊಲದ ತಕರಾರಿಗೆ ಸಾಕ್ಷಿ ಹೇಳಲು ಹೋದಾಗ. ಇದ್ದದ್ದು ಎರಡು ದಿನ. ಅದರಲ್ಲಿ ಒಂದು ದಿನ ಚಳಿಜ್ವರ ಬಂದು, ಪರಊರಿನವರು ತಂಗುವ ಸರಾಯಿಯಲ್ಲಿ ಕಂಬಳಿ ಹೊದ್ದು ಮಲಗಿದ್ದ. ಉಳಿದ ಒಂದೇ ದಿನದ ಹೈದರಾಬಾದನ್ನು ಆರು ವರ್ಷ ಹೇಳಿಕೊಂಡು ಬಂದ ಪುಣ್ಯಾತ್ಮ ಅವನು!

ಹೊರಡುವ ದಿನ ಅತ್ತೆ ವಿರೂಪಾಕ್ಷಮ್ಮ ಕಣ್ಣಲ್ಲಿ ನೀರು ತಂದುಕೊಂಡಳು. "ಅಳಿಯಂದ್ರ, ಇರೂದು ಒಬ್ಬಾಕಿ ಮಗಳು. ಹೆಂಗ ಕರ್ಕೊಂಡು ಹೊಂಟೀರಿ, ಹಂಗ ತಂದು ಒಪ್ಪಸ್ರಿ. ಲಕ್ಷಗಟ್ಟಲೆ ಮಂದಿ ಇರೂ ಊರಂತ ಅದು."

"ಅತ್ತೀ, ನಾ ಕೈ ಹಿಡಿದ್ರ ಯಮನೂ ಬಿಡಸಂಗಿಲ್ಲ!" ಎಂದ ಹಂಪಣ್ಣ.

ಕೊಪ್ಪಳದಲ್ಲಿ ರೈಲು ಹತ್ತಿ, ಗುಂತಕಲ್ಲಿನಲ್ಲಿ ಇಳಿದು ಹತ್ತಿ, ವಾಡಿಯಲ್ಲಿ ಮತ್ತೊಮ್ಮೆ ಇಳಿದು ಹತ್ತಿ, ಅಂತೂ ನಾಂಪಲ್ಲಿ ಮುಟ್ಟುವವರೆಗೆ ಅವನ ಬಾಯಿ ಒಂದು ಸಲವೂ ಮುಚ್ಚಲಿಲ್ಲ. ಎದುರಿಗೆ ಕೂತಿದ್ದ ಇಬ್ಬರು ರಾಯಚೂರಿನಲ್ಲಿ ಇಳಿದು ಬೇರೆ ಡಬ್ಬಿಗೆ ಹೋದರು. ಬಸವಣ್ಣೆಮ್ಮನಿಗೆ ಆ ಭಾಗ್ಯವೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಸರಾಯಿಯ ಬಾಗಿಲಿಗೆ ಟಾಂಗಾ ಬಂತು. ಹಿಂದಿನ ಸೀಟಿನ ಸುತ್ತ ಬಿಳಿಯ ಪರದೆ ಕಟ್ಟಿತ್ತು. ಬಸವಣ್ಣೆಮ್ಮ ಅದನ್ನು ನೋಡಿ ನಿಂತಲ್ಲೇ ನಿಂತಳು.

"ಇದೇನ್ರೀ ಇದು, ಹೆಣಕ್ಕ ಹೊಚ್ಚಿದಂಗ?"

"ಪರದಾ! ಇಲ್ಲಿ ಖಾನದಾನಿ, ದೊಡ್ಡ ಮನಿತನದ ಹೆಂಗಸರು ಹಿಂಗ ಹೋಗೂದು. ನಾವೇನ ಹಳ್ಳಿ ಮಂದಿ ಕಂಡಂಗ ಕಾಣಬೇಕೇನು?"

"ಅಲ್ರೀ, ನಾ ಊರ ನೋಡಾಕ ಬಂದೀನೋ, ಅರಿವಿ ನೋಡಾಕ ಬಂದೀನೋ? ಅರಿವಿ ನೋಡೂದಿದ್ರ ನಮ್ಮ ಇಳಕಲ್ಲಿಗೇ ಹೋಗ್ತಿದ್ವೆಲ್ಲ!"

"ನಾ ಮುಂದ ಕುಂತು ಎಲ್ಲಾ ಹೇಳ್ತೀನಿ. ನೀ ಕೇಳು. ಕೇಳಿದ್ರ ನೋಡಿದಂಗ!"

ಟಾಂಗಾ ಹೊಡೆಯುವ ಉಮರಸಾಬ ಮಾತ್ರ ಕುದುರೆಯ ಕಿವಿ ತುರಿಸುತ್ತ ನಿಂತಿದ್ದ. ಹೆಂಗಸು ಪರದೆಯೊಳಗೆ ಹತ್ತುವಾಗ ಗಂಡಸರು ಆ ಕಡೆ ಮುಖ ತಿರುಗಿಸುವುದು ಅಲ್ಲಿಯ ಅದಬು, ಅಲ್ಲಿಯ ಮರ್ಯಾದೆ. ಹಂಪಣ್ಣನೂ ದೊಡ್ಡ ನವಾಬನ ಗತ್ತಿನಲ್ಲಿ ಮುಖ ತಿರುಗಿಸಿ ನಿಂತ. ಸ್ವಂತ ಹೆಂಡತಿ ಹತ್ತುವಾಗ!

ದೊಡ್ಡ ಮಾರ್ಕೆಟ್ಟಿನ ಹತ್ತಿರ ಹಂಪಣ್ಣ ಟಾಂಗಾ ನಿಲ್ಲಿಸಿದ; ಬಸವಣ್ಣೆಮ್ಮ ಮಲ್ಲಿಗೆ ಕೊಳ್ಳಲು ಇಳಿದಳು, ಅವನು ಬಾಳೆಹಣ್ಣು ತರಲು ಇಳಿದ. ತಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹಣ್ಣಿನವನು ತನ್ನ ಹಣ್ಣೇ ಸಕ್ಕರೆ ಎಂದುಬಿಟ್ಟ. ಆನೆಗೊಂದಿಯ ಬಾಳೆ ತಿಂದು ಬೆಳೆದ ನಾಲಿಗೆ ಸುಮ್ಮನಿದ್ದೀತೇ? ಬಾಳೆಹಣ್ಣೆಂದರೆ ಏನು, ಅದರ ಸಿಪ್ಪೆ ಹೇಗಿರಬೇಕು ಎಂದು ಹಂಪಣ್ಣ ಅರ್ಧ ತಾಸು ಉಪನ್ಯಾಸ ಕೊಟ್ಟ. ಹಣ್ಣಿನವನಿಗೆ ಕನ್ನಡ ಬರುತ್ತಿರಲಿಲ್ಲ ಎಂಬುದು ಸಣ್ಣ ಅಡಚಣೆ. ಕೊನೆಗೆ ಗೆದ್ದೆನೆಂದುಕೊಂಡು, ಹಣ್ಣನ್ನೇ ಕೊಳ್ಳದೆ, ಹಂಪಣ್ಣ ಓಡಿಬಂದು ಉಮರಸಾಬನ ಪಕ್ಕಕ್ಕೆ ಹಾರಿ ಕುಳಿತ.

"ಬೇಗಂಸಾಬ್ ಹತ್ಯಾರೇನು?" ಎಂದು ಕೇಳಿದ, ಮತ್ತೂ ನವಾಬನಾಗಿ.

"ಹತ್ತಿದ್ದು ಕೇಳಿಸ್ತು ಹುಜೂರ್. ನಾವು ನೋಡಾಂಗಿಲ್ಲ," ಎಂದ ಉಮರಸಾಬ. ರಾಯಚೂರು ಕಡೆಯವನಾದ್ದರಿಂದ ಅವನಿಗೆ ಅಷ್ಟಿಷ್ಟು ಕನ್ನಡ ಬರುತ್ತಿತ್ತು.

ಟಾಂಗಾ ಹೊರಟಿತು. ಹಂಪಣ್ಣನ ಬಾಯಿ ಅದಕ್ಕಿಂತ ಮುಂಚೆ ಹೊರಟಿತು. "ಕೇಳಿಲ್ಲೆ! ಎಡಕ್ಕ ದೊಡ್ಡ ಗುಮ್ಮಟ ಬಂತು! ಇದ ಕೋರ್ಟು! ಇಲ್ಲೇ ನಾ ಸಾಕ್ಷಿ ಹೇಳಿದ್ದು. ನಾ ಬಾಯಿ ತಗದ ಕೂಡಲೆ ಜಡ್ಜಸಾಹೇಬರು ಕನ್ನಡಕ ತಗದು ಕೆಳಗಿಟ್ರು!"

ಪರದೆಯೊಳಗಿಂದ "ಹ್ಞೂಂ" ಎಂದಿತು.

ಹಂಪಣ್ಣ ಉಬ್ಬಿಹೋದ. ಮದುವೆಯಾದ ಹನ್ನೊಂದು ವರ್ಷಗಳಲ್ಲಿ ಬಸವಣ್ಣೆಮ್ಮ ಹೀಗೆ ಹೂಂಗುಟ್ಟಿದ್ದೇ ಇಲ್ಲ! ಅವನು ಸೇತುವೆ ವರ್ಣಿಸಿದ, ಕೆಳಗಿನ ಮೂಸಿ ನದಿ ವರ್ಣಿಸಿದ, "ನಮ್ಮ ತುಂಗಭದ್ರಾದ ಮುಂದ ಇದೊಂದು ಹಳ್ಳ" ಎಂದು ತೀರ್ಪನ್ನೂ ಕೊಟ್ಟ. ಒಳಗಿನಿಂದ ಸಣ್ಣ ನಗು ಕೇಳಿಸಿತು. ನಕ್ಕಳು! ತನ್ನ ಮಾತಿಗೆ ಹೆಂಡತಿ ನಕ್ಕಳು! ಖುಷಿಯಲ್ಲಿ ಹಂಪಣ್ಣ ಟಾಂಗಾವನ್ನು ನಿಧಾನ ಓಡಿಸಲು ಹೇಳಿ, ಅಂಗಡಿ ಅಂಗಡಿಯನ್ನೂ ಬಿಡದೆ ವರ್ಣಿಸಿದ. ಹೆಂಡತಿಯ ಮೇಲೆ ಅವನಿಗೆ ಎಂದೂ ಇಲ್ಲದ ಪ್ರೀತಿ ಉಕ್ಕಿತು. ಮನೆಗೆ ಹೋಗುವಾಗ ಒಂದು ಡಜನ್ ಬಳೆ ಇಡಿಸಬೇಕು ಎಂದುಕೊಂಡ.

ಚಾರ್‌ಮಿನಾರಿನ ಬುಡಕ್ಕೆ ಬಂದಾಗ ಅವನಿಗೆ ತಡೆಯಲಾಗಲಿಲ್ಲ. "ಇರ್ಲಿ, ಇದೊಂದು ಕಣ್ಣಾರೆ ನೋಡಿಬಿಡು!" ಎಂದು ಕೆಳಗೆ ಹಾರಿ, ಹಿಂದೆ ಬಂದು, ಪರದೆಯನ್ನು ಸರ್ರನೆ ಎತ್ತಿದ.

ಒಳಗೆ ಎಪ್ಪತ್ತು ವರ್ಷದ ಮುದುಕಿ ಕುಳಿತಿದ್ದಳು!

ಬಿಳಿ ಕೂದಲು. ಬೊಚ್ಚು ಬಾಯಿ. ತೊಡೆಯ ಮೇಲೆ ಎಲೆಯಡಿಕೆಯ ಬೆಳ್ಳಿ ಪಾನದಾನಿ. 'ಅಯ್ಯೋ ಶಿವನೇ! ಮಾತಾಡಿ ಮಾತಾಡಿ ಹೆಂಡತಿಯನ್ನು ಮುದುಕಿ ಮಾಡಿಬಿಟ್ಟೆನೇ!' ಎಂಬುದೇ ಹಂಪಣ್ಣನಿಗೆ ಮೊದಲು ಹೊಳೆದದ್ದು. ಆಮೇಲೆ ಅವನು ಕಿರುಚಿದ. ಕುದುರೆ ಎರಡು ಕಾಲಿನ ಮೇಲೆ ನಿಂತಿತು.

ಖಾನದಾನಿ ಹೆಂಗಸಿನ ಪರದೆ ಎತ್ತಿ, ಸಾಲದ್ದಕ್ಕೆ ಕಿರುಚಿದ ಗಂಡಸು! ಜನ ಸೇರಲು ಎಷ್ಟು ಹೊತ್ತು? ಪೊಲೀಸನೊಬ್ಬ ಬಂದು ರಟ್ಟೆ ಹಿಡಿದ. ಊರಲ್ಲಿ ಹಂಪಣ್ಣ ಕೊಚ್ಚಿಕೊಳ್ಳುತ್ತಿದ್ದ ಉರ್ದು ಆ ಗಳಿಗೆಯಲ್ಲಿ ಕುಷ್ಟಗಿಯ ದಾರಿ ಹಿಡಿದು ಓಡಿಹೋಗಿತ್ತು.

"ಮೇರಿ ಹೆಂಡ್ತಿ ಬದಲ್ ಗಯಿ! ಪೂರಾ ಬದಲ್ ಗಯಿ!" ಎಂದು ಅವನು ಎದೆ ಬಡಿದುಕೊಂಡ.

ಉಮರಸಾಬ ಅದನ್ನು ಪೊಲೀಸನಿಗೆ ತಿಳಿಸಿಹೇಳಿದ. ಪೊಲೀಸ ನಿಟ್ಟುಸಿರುಬಿಟ್ಟು ಹೇಳಿದ್ದನ್ನು ಉಮರಸಾಬ ತಿರುಗಿ ಕನ್ನಡಕ್ಕೆ ತಂದ: "ಲಗ್ನ ಆದಮ್ಯಾಲ ಎಲ್ಲಾರ ಹೆಂಡ್ರೂ ಬದಲ್ ಆಗ್ತಾರಂತ. ಅದಕ್ಕ ಪರದಾ ಎತ್ತಬಾರದಂತ."

ಹಂಪಣ್ಣನಿಗೆ ನಗುವ ಶಕ್ತಿ ಎಲ್ಲಿ? ಈ ಜನಸಮುದ್ರದಲ್ಲಿ ಬಸವಣ್ಣೆಮ್ಮ ಎಲ್ಲಿ? ಯಾರ ಟಾಂಗಾದಲ್ಲಿ? ಅವಳಿಗೆ ದಾರಿ ಗೊತ್ತಿಲ್ಲ, ಸರಾಯಿಯ ಹೆಸರು ಗೊತ್ತಿಲ್ಲ. ಅತ್ತೆಗೆ ಏನು ಹೇಳುವುದು? ತಂದು ಒಪ್ಪಿಸಲು ಯಾರಿದ್ದಾರೆ? ಅವನು ತಲೆಗೆ ಸುತ್ತಿದ್ದ ಪಟಗಾದ ಸೆರಗಿನಿಂದ ಮುಖ ಮುಚ್ಚಿಕೊಂಡು, ನಡುಬೀದಿಯಲ್ಲಿ, ಸಣ್ಣ ಕೂಸಿನಂತೆ ಅತ್ತುಬಿಟ್ಟ.

"ಯಾಕ ನಿಲ್ಲಿಸಿದಿ ತಮ್ಮಾ? ಮುಂದ ಏನೈತಿ, ಹೇಳು!"

ಹಂಪಣ್ಣ ತಲೆಯೆತ್ತಿದ. ಮಾತಾಡಿದ್ದು ಮುದುಕಿ! ಅಚ್ಚ ಗಂಗಾವತಿ ಕನ್ನಡದಲ್ಲಿ!

ಅವಳು ಪೊಲೀಸನಿಗೆ ಎರಡು ಮಾತು ಹೇಳಿ ಕಳಿಸಿದಳು. ಆಮೇಲೆ ಹಂಪಣ್ಣನ ಕಡೆ ತಿರುಗಿದಳು. "ನನ್ನ ಹೆಸರು ಜೋಹರಾಬಿ. ಹುಟ್ಟಿದ್ದು ಗಂಗಾವತ್ಯಾಗ. ಹನ್ನೆರಡು ವರ್ಷಕ್ಕ ಲಗ್ನ ಮಾಡಿ ಇಲ್ಲಿಗೆ ಕೊಟ್ರು. ಮಾರ್ಕೆಟ್ಟಿನಾಗ ಹೂವಿನಾಕಿ ಹತ್ರ ಇಳದಿದ್ದೆ, ತಿರುಗಿ ನಿನ್ನ ಟಾಂಗಾ ಹತ್ತೀನಿ. ಎರಡಕ್ಕೂ ಬಿಳೀ ಪರದಾ ನೋಡು."

"ಹಂಗಾರ... ಆಗಲೇ ಗೊತ್ತಾತೇನ್ರಿ ನಿಮಗ, ಟಾಂಗಾ ತಪ್ಪೇತಿ ಅಂತ?"

"ನೀ ಬಾಯಿ ತಗದ ಕೂಡಲೆ ಗೊತ್ತಾತು. ಇಳೀಬೇಕು ಅಂದೆ, ಕಾಲು ಏಳಲಿಲ್ಲ. ನಮ್ಮಕ್ಕ ಸತ್ತಮ್ಯಾಲ ಹತ್ತೊಂಬತ್ತು ವರ್ಷ ಆತು, ನನ್ನ ಕೂಡ ಕನ್ನಡ ಮಾತಾಡವರು ಯಾರೂ ಇಲ್ಲ." ಮುದುಕಿ ಪಾನದಾನಿಯ ಮುಚ್ಚಳ ತೆಗೆದು, ಹಾಗೇ ಮುಚ್ಚಿದಳು. ಆಮೇಲೆ ಬೊಚ್ಚು ಬಾಯಿ ಅಗಲವಾಯಿತು. "ಆದ್ರ ನೀ ಸಾಕ್ಷಿ ಹೇಳಿದ್ದು ಕೋರ್ಟಿನಾಗಲ್ಲ ತಮ್ಮಾ. ಎಡಗಡಿ ಇದ್ದದ್ದು ದವಾಖಾನಿ!"

ಉಮರಸಾಬ ಕುದುರೆಯ ಹಿಂದೆ ಮುಖ ಮರೆಮಾಡಿಕೊಂಡು ನಕ್ಕ.

"ನನ್ನ ಹೆಂಡತಿ, ಅವ್ವಾ?" ಹಂಪಣ್ಣ ಕೈ ಮುಗಿದ.

"ನಾ ನಿಂದರಾಗ ಹತ್ತಿದ್ರ ಆಕಿ ಎಲ್ಲಿ ಹತ್ತತಾಳ? ನಂದರಾಗ. ಮುಂದ ನಮ್ಮ ಮನಿ ಆಳು ಮುದಕ ಕುಂತು ಟಾಂಗಾ ಹೊಡಿತಾನ. ಮೂಕ. ದರ್ಗಾಕ್ಕ ಹೋಗಿ, ಊರ ಸುತ್ತಿ, ಮನಿ ಮುಟ್ಟೂದು ನನ್ನ ರೂಢಿ. ನಡಿ, ಶಾಲಿಬಂಡಾದಾಗ ನಮ್ಮ ಮನಿಗೆ ಹೋಗೂಣು."

ಹಂಪಣ್ಣ ದಾರಿಯುದ್ದಕ್ಕೂ ತುಟಿ ಪಿಟಕ್ಕೆನ್ನಲಿಲ್ಲ. ಹೇಮಗುಡ್ಡದ ದುರ್ಗಮ್ಮನಿಗೆ ಐದು ತೆಂಗಿನಕಾಯಿ ಹರಕೆ ಹೊತ್ತ. ಒಂದೊಂದು ಓಣಿ ದಾಟಿದಂತೆ ಕಾಯಿ ಏರುತ್ತ ಹೋಗಿ, ಮನೆಯ ಬಾಗಿಲಿಗೆ ಬರುವಷ್ಟರಲ್ಲಿ ಮೂವತ್ತಾಗಿತ್ತು.

ಅಂಗಳದಲ್ಲಿ ಬಸವಣ್ಣೆಮ್ಮ ಗಟ್ಟಿಯಾಗಿ ಕುಳಿತು, ಜೋಹರಾಬಿಯ ಸೊಸೆ ಕೊಟ್ಟ ಶರಬತ್ತು ಕುಡಿಯುತ್ತಿದ್ದಳು. ತಲೆಯಲ್ಲಿ ಮೊಳ ಮಲ್ಲಿಗೆ. ಹಂಪಣ್ಣನಿಗೆ ಹೋದ ಜೀವ ಬಂದಂತಾಯಿತು. ಜೀವ ಬಂದ ಕೂಡಲೆ ಸಿಟ್ಟೂ ಬಂತು.

"ಇಲ್ಲಿ ಬಂದು ಕುಂತೀಯೇನ? ನಾ ಅಲ್ಲಿ ನಡುಬೀದ್ಯಾಗ ಅತ್ತೆ! ಮುಂದ ನಾ ಕುಂತಿಲ್ಲಂತ ನಿನಗ ಗೊತ್ತಾಗಲಿಲ್ಲೇನು?"

"ಗೊತ್ತಾಗದ ಏನ್ರಿ! ಹತ್ತು ಮಾರು ಹೋಗೂದ್ರಾಗ ಗೊತ್ತಾತು. ಒಂದ ಮಾತೂ ಕೇಳಸಲಿಲ್ಲ ನೋಡ್ರಿ. ಹಣಿಕಿ ಹಾಕಿದ್ರ ಯಾರೋ ಮುದಕ. ನಿಲ್ಲಸಂತ ಕೂಗಬೇಕು ಅಂತ ಬಾಯಿ ತಗದಿದ್ದೆ."

"ಮತ್ತ ಕೂಗಲಿಲ್ಲ ಯಾಕ?"

ಬಸವಣ್ಣೆಮ್ಮ ಶರಬತ್ತಿನ ಕೊನೆಯ ಗುಟುಕು ಕುಡಿದು, ಲೋಟ ಕೆಳಗಿಟ್ಟು, ಬಾಯಿ ಒರೆಸಿಕೊಂಡಳು.

"ಅಷ್ಟರಾಗ ಪರದಾ ಸರಿಸಿದ್ದೆ, ಊರ ಕಾಣಸಾಕತ್ತಿತು. ಮೊದಲ ಊರ ನೋಡಿ ಬಿಡೂಣು, ಆಮ್ಯಾಲ ಗಂಡನ್ನ ಹುಡುಕಿದರಾತು ಅಂತ ಸುಮ್ಮನ ಕುಂತೆ. ಊರ ಏನು ಮತ್ತ ಸಿಗತೈತೇನ್ರಿ? ನೀವೆಲ್ಲಿ ಹೋಗ್ತೀರಿ!"