ಖಾಲಿ ಬಂದೂಕಿನ ಮೇಷ್ಟ್ರು

“ಖಾಲಿ ಐತ್ರಿ” ಎನ್ನುವವರು ಬಳ್ಳಾರಿ ಸೀಮೆಯಲ್ಲಿ ಎಂದೂ ಖಾಲಿಯಾಗುವುದಿಲ್ಲ. ನಮ್ಮ ಭಾವ, ಅಂದರೆ ಅಕ್ಕನ ಗಂಡ, ಆಡಿದ ಕೊನೆಯ ಮಾತೂ ಅದೇ. ಅರವತ್ತರ ದಶಕದ ಒಂದು ಆಯುಧಪೂಜೆಯ ಬೆಳಿಗ್ಗೆ, ಕುರುಗೋಡಿನ ಮನೆಯಲ್ಲಿ ಬಂದೂಕು ಒರೆಸುತ್ತ ಕೂತಿದ್ದರು. ತುಂಬಿದ ಬಂದೂಕಿಗೇ ಪೂಜೆ ಎಂಬುದು ಆ ಮನೆಯ ಪದ್ಧತಿ. ಅವರ ಅಣ್ಣ ಆಗಲೇ ತೋಟಾ ತುಂಬಿಟ್ಟಿದ್ದು ಅವರಿಗೆ ಗೊತ್ತಿರಲಿಲ್ಲ.

ಸಂಗನಕಲ್ಲಿನ ಗುಡ್ಡದಲ್ಲಿ ನನಗೆ ಗುರಿ ಹಿಡಿಯಲು ಕಲಿಸಿದವರು ಭಾವ. ಬಂದೂಕೆಂದರೆ ಊಟ ಬಿಡುತ್ತಿದ್ದ ನಾನು ಅಂದಿನಿಂದ ಬಂದೂಕೇ ಬಿಟ್ಟೆ. ಅಕ್ಕನ ತೊಡೆಯ ಮೇಲೆ ಒಂದೇ ಕೂಸು. ಮುಂದೆ ಆ ಬಂದೂಕು ಅವನಿಗೇ ಬರುವುದು ಖಂಡಿತ. “ಇವನಾರ ಉಳಿಯಂಗ ನೋಡ್ಕ್ಯಾ” ಎಂದಳು ಅಕ್ಕ. ಊರಿನ ರೈಫಲ್ ಕ್ಲಬ್ಬಿನ ಕಾರ್ಯದರ್ಶಿಗಳಾಗಿದ್ದ ವಕೀಲರು, “ಹೊಡಿಯೋದು ಬಿಟ್ಟೀರಿ, ಸುಮ್ನ ಕುಂತೀರಿ, ಹುಷಾರಾಗಿರೋದನ್ನಾರ ಕಲಸ್ರಿ” ಎಂದರು. ಹೀಗೆ ನಾನು ಮೇಷ್ಟ್ರಾದೆ.

ಮೊದಲ ಪಾಠ

ಸಿರುಗುಪ್ಪ ಕಡೆಯ ಭತ್ತದ ಗದ್ದೆಯವರು, ಕಾಡುಹಂದಿಯಿಂದ ಬೆಳೆ ಕಾಯಲು ಲೈಸೆನ್ಸು ಪಡೆದವರು, ಸಾಲಾಗಿ ಕೂತಿದ್ದರು. “ಯಾರ ಬಂದೂಕಾದರೂ ತುಂಬಿದೆಯೇ?” ಎಂದೆ. ಹಿರಿಯರೊಬ್ಬರು ಎದ್ದು ನಿಂತು, “ನಾವೇನು ಸಣ್ಣ ಹುಡುಗ್ರೇನ್ರಿ? ಸಾಲಿ ಕಲಿಯಾಕ ಯಾರಾರ ತುಂಬಿದ ಬಂದೂಕು ತರ್ತಾರೇನು?” ಎಂದು ಎಲ್ಲರ ಪರವಾಗಿ ಸಿಟ್ಟಾದರು.

“ಆದರೂ ನಳಿಗೆ ಬಾಗಿಸಿ ಒಳಗೆ ತೋರಿಸಿ” ಎಂದೆ. ಆ ಹಿರಿಯರ ಬಂದೂಕಿನಿಂದಲೇ ಎರಡು ತೋಟಾ ಟಣ್ಣನೆ ನೆಲಕ್ಕೆ ಬಿದ್ದವು. ಅವರು ನಿಧಾನವಾಗಿ ಬಗ್ಗಿ ಎತ್ತಿಕೊಂಡು, “ಇವು ಇವತ್ತಿನವಲ್ಲ ಸಾರ್, ಹೋದ ವಾರದವು” ಎಂದರು.

ಸಿರುಗುಪ್ಪದ ಬಸ್ಸು

ಬಂದೂಕಿನ ಬಾಯಿ ಮನುಷ್ಯರ ಕಡೆಗಿರಬಾರದು, ಮೇಲಕ್ಕಿರಬೇಕು ಎಂದು ಬಾಯಿ ನೋಯುವಂತೆ ಹೇಳಿಕೊಟ್ಟಿದ್ದೆ. ಒಂದು ದಿನ ಸಿರುಗುಪ್ಪದ ಬಸ್ಸಿನಲ್ಲಿ ನನ್ನ ಶಿಷ್ಯನೊಬ್ಬ ಸಿಕ್ಕ. ಬಂದೂಕನ್ನು ಕಂಬದಂತೆ ನೆಟ್ಟಗೆ ಹಿಡಿದಿದ್ದ. ನನಗೆ ಒಂದು ಗಳಿಗೆ ಹೆಮ್ಮೆಯೇ ಆಯಿತು. ಅಷ್ಟರಲ್ಲಿ ಮೇಲಿನಿಂದ ಯಾರೋ ಕೆಮ್ಮಿದರು. ಸಂತೆಯ ದಿನ, ಬಸ್ಸಿನ ತಲೆಯ ಮೇಲೂ ಜನ.

“ಲೇ, ಮ್ಯಾಲೆ ಜನ ಅದಾರಲೇ! ಮೊದ್ಲು ಬಾಗಿಸಿ ನೋಡು” ಎಂದು ಕೂಗಿದೆ.

“ನೀವ ಹೇಳಿದ್ರಲ್ಲ ಸಾರ್, ಮ್ಯಾಕ ಹಿಡಿ ಅಂತ?”

ನಮ್ಮಿಬ್ಬರ ನಡುವೆ ತೂರಿ ಬಂದ ಕಂಡಕ್ಟರು ಸಮಾಧಾನ ಹೇಳಿದರು: “ಇರ್ಲಿ ಬಿಡ್ರಿ, ಮ್ಯಾಲಿನೋರು ಇನ್ನೂ ಟಿಕೀಟು ತಗಂಡಿಲ್ಲ.”

ಮನೆಯಲ್ಲಿ

ಈ ಕಸುಬು ಮನುಷ್ಯನನ್ನು ಕೆಡಿಸುತ್ತದೆ. ಸಾರಿನ ಪಾತ್ರೆ ಖಾಲಿ ಎಂದು ಹೆಂಡತಿ ಹೇಳಿದರೂ ಮುಚ್ಚಳ ತೆಗೆದು ನೋಡುತ್ತಿದ್ದೆ. “ನನ್ನ ಮಾತಿನ ಮ್ಯಾಲೆ ನಂಬಿಕಿ ಇಲ್ಲೇನ್ರಿ?” ಎಂದು ಅವಳು ಕೇಳಿದಾಗ, “ನಂಬಿದವರೇ ಸತ್ತಿದ್ದು” ಎಂದೆ. ಅಂದು ಸಾರು ನಿಜಕ್ಕೂ ಖಾಲಿಯಾಗಿತ್ತು, ಅನ್ನವೂ ಸಿಗಲಿಲ್ಲ.

ಕುರುಗೋಡಿನ ಪೂಜೆ

ವರ್ಷಗಳು ಉರುಳಿ, ಆ ಬಂದೂಕಿನ ಲೈಸೆನ್ಸು ಅಕ್ಕನ ಮಗನ ಹೆಸರಿಗೆ ಬಂತು. ಆಮೇಲಿನ ಮೊದಲ ಆಯುಧಪೂಜೆ ಅದು. ಅಕ್ಕ ಹೇಳಿಕಳಿಸಿದಳು, ಹೋದೆ. ಹುಡುಗನ ಕೈಯಲ್ಲಿ ಎರಡು ತೋಟಾ. ಪಕ್ಕದಲ್ಲಿ ಅವನ ದೊಡ್ಡಪ್ಪ; ಅಂದು ತುಂಬಿಟ್ಟವರು ಇವರೇ.

“ತುಂಬೋದು ಬ್ಯಾಡ್ರಿ” ಎಂದೆ.

“ಖಾಲಿ ಕೊಡ ಇಟ್ಟು ಯಾರಾರ ಗಂಗಿ ಪೂಜಿ ಮಾಡ್ತಾರೇನ್ರಿ? ತಮ್ಮನ ಹಣೇಬರ ಹಂಗಿತ್ತು. ಪದ್ಧತಿ ಬಿಡಾಕ ಬರಂಗಿಲ್ಲ” ಎಂದರು ಹಿರಿಯರು.

ನನ್ನ ಪಾಠವನ್ನೆಲ್ಲ ಒಪ್ಪಿಸಿದೆ. ಊರೂರಿಗೆ ಬುದ್ಧಿ ಹೇಳಿದವನ ಮಾತು ಆ ಒಂದು ಪಡಸಾಲೆಯಲ್ಲಿ ನಡೆಯಲಿಲ್ಲ. ಹುಡುಗ ನನ್ನನ್ನೊಮ್ಮೆ, ದೊಡ್ಡಪ್ಪನನ್ನೊಮ್ಮೆ ನೋಡಿ, ತುಂಬಲು ಬಂದೂಕು ಬಾಗಿಸಿದ.

ಶುಭಕಾರ್ಯಕ್ಕೆ ಮುಂದೆ ಬಾರದೆ ಅಡುಗೆಮನೆಯ ಬಾಗಿಲಲ್ಲೇ ಕೂರುತ್ತಿದ್ದ ಅಕ್ಕ ಎದ್ದು ಬಂದಳು. ಕೈಯಲ್ಲಿ ಅಕ್ಕಿಯ ಮೊರ.

“ತುಂಬಿರಬೇಕು, ಅಷ್ಟ ಹೌದಲ್ರಿ?” ಎಂದವಳೇ ಬಂದೂಕು ಕಸಿದುಕೊಂಡು, ಒಳಗೆ ಏನೂ ಇಲ್ಲವೆಂದು ನೋಡಿ ಮುಚ್ಚಿ, ಗೋಡೆಗೆ ನಿಲ್ಲಿಸಿದಳು. ನಳಿಗೆಯ ಬಾಯಿಗೆ ಅಕ್ಕಿ ಸುರಿದಳು. ಒಂದು ಉತ್ತತ್ತಿ, ಒಂದು ಅರಿಷಿಣದ ಕೊಂಬು. ಬಂದೂಕಿಗೆ ಉಡಿ ತುಂಬುತ್ತಿದ್ದಳು!

“ಏ, ಉಡಿ ಮುತ್ತೈದೇರು ತುಂಬಬೇಕವಾ, ನೀ ಅಲ್ಲ!” ಎಂದು ಹಿರಿಯರು ಹೌಹಾರಿದರು.

“ನನ್ನ ಮುತ್ತೈದಿತನ ತಿಂದದ್ದು ಇದ ಅಲ್ಲೇನ್ರಿ ಭಾವಾರ? ಇದಕ್ಕ ನಾ ತುಂಬಿದ್ರ ನಡೀತೈತಿ.”

ನನ್ನ ಮೇಷ್ಟ್ರ ನಾಲಗೆ ಸುಮ್ಮನಿರಬೇಕಲ್ಲ: “ಅಕ್ಕಾ, ನಳಿಗೀಗೆ ಏನಾರ ತುಂಬಿ ಹೊಡೆದ್ರ ಸಿಡೀತೈತಿ.”

“ಹೊಡಿಯೋರು ಯಾರು?” ಎಂದು ಮಗನ ಮುಂದೆ ಕೈ ಚಾಚಿದಳು. ಹುಡುಗ ಎರಡೂ ತೋಟಾಗಳನ್ನು ಅವಳ ಅಂಗೈಗೆ ಹಾಕಿದ.

ಪೂಜೆ ಮುಗಿದ ಮೇಲೆ ನಳಿಗೆಗೆ ತುಂಬಿದ್ದ ಅದೇ ಅಕ್ಕಿಯನ್ನು ಸೇರಿಸಿ ಹುಗ್ಗಿ ಮಾಡಿ, ಮೊದಲ ಸೌಟು ಹಿರಿಯರ ತಟ್ಟೆಗೇ ಬಡಿಸಿದಳು. ಬಂದೂಕಿನ ಎಣ್ಣೆ ಘಮಘಮ ಅನ್ನುತ್ತಿತ್ತು. ಅವರು ತುತ್ತೆತ್ತಿ, ತಡೆದು ಕೇಳಿದರು: “ಇದರಾಗ ಛರಾ ಗುಂಡು ಏನೂ ಉಳಿದಿಲ್ಲ ಹೌದಲ್ಲವಾ?”

“ಹಲ್ಲಿಗೆ ಸಿಕ್ರ ಹೇಳ್ರಿ” ಎಂದಳು ಅಕ್ಕ.

ಹಿರಿಯರು ಒಂದೊಂದೇ ಅಗುಳನ್ನು ಬಿಡಿಸಿ, ಬೆಳಕಿಗೆ ಹಿಡಿದು, ಹಿಚುಕಿ ನೋಡಿ ಬಾಯಿಗಿಟ್ಟರು. ಇಷ್ಟು ವರ್ಷ ಸುರಕ್ಷತೆಯ ಪಾಠ ಹೇಳಿದ್ದೇನೆ. ಅಷ್ಟು ಶ್ರದ್ಧೆಯಿಂದ ಪಾಲಿಸಿದವರನ್ನು ನಾನು ಕಂಡಿದ್ದು ಅವರೊಬ್ಬರನ್ನೇ.