ಬಿಟ್ಟ ಕುದುರೆಗಳ ಲೆಕ್ಕ

ಜನ ರೇಸಿಗೆ ಬರುವುದು ಕುದುರೆಗಳನ್ನು ನೋಡಲು. ನಾನು ಅಲ್ಲಿ ನೋಡಿದ್ದು ಬರೀ ಜನರನ್ನು. ವಾರವೆಲ್ಲ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತ, ರೇಸಿನ ದಿನ ರಜೆ ಹಾಕಿ ಚಾಮುಂಡಿ ಬೆಟ್ಟದ ಬುಡದಲ್ಲಿ ರೇಸ್ ಟಿಕೆಟ್ ಕೊಡುವವನು. ನನ್ನ ಕಿಟಕಿ ಕುದುರೆ ಓಡುವ ಟ್ರ್ಯಾಕಿನ ಕಡೆ ಬೆನ್ನು ಹಾಕಿತ್ತು. ಹಾಗಾಗಿ ತೊಂಬತ್ತರ ದಶಕ ಪೂರ್ತಿ ಅಲ್ಲಿ ಕೂತಿದ್ದರೂ ಒಂದು ಕುದುರೆ ಓಡಿದ್ದನ್ನೂ ನಾನು ಸರಿಯಾಗಿ ಕಂಡವನಲ್ಲ. ಆದರೆ ಕಿಟಕಿಯ ಮುಂದೆ ಏನಾದರೊಂದು ನಡೆಯದ ದಿನವೂ ಇರಲಿಲ್ಲ.

ಒಂದು ಕಮ್ಮಿ ಮಾಡಿ

ಜಾಕ್‌ಪಾಟ್ ಅಂತ ಒಂದು ಆಟ. ಐದು ರೇಸುಗಳಲ್ಲಿ ಗೆಲ್ಲುವ ಐದು ಕುದುರೆಗಳನ್ನು ಮೊದಲೇ ಹೇಳಬೇಕು. ಒಂದು ತಪ್ಪಿದರೂ ಮುಗಿಯಿತು. ಅನುಮಾನವಿದ್ದರೆ ಒಂದು ರೇಸಿಗೆ ಎರಡೋ ಮೂರೋ ಕುದುರೆ ಹಿಡಿಯಬಹುದು. ಅದಕ್ಕೆ ಕಾಂಬಿನೇಷನ್ ಅನ್ನುತ್ತಾರೆ. ಹಿಡಿದ ಕುದುರೆಗಳೆಲ್ಲ ಒಂದಕ್ಕೊಂದು ಗುಣಿಸಿಕೊಂಡು ಟಿಕೆಟ್ಟಿನ ಬೆಲೆ ಏರುತ್ತದೆ. ಈ ಗುಣಾಕಾರ ಮಾತ್ರ ಯಾರ ತಲೆಗೂ ಹೋಗುತ್ತಿರಲಿಲ್ಲ.

ಒಂದು ದಿನ ಹೊಸ ಸಫಾರಿ ತೊಟ್ಟ ಯಜಮಾನರೊಬ್ಬರು ಬಂದರು. "ನೋಡಪ್ಪ, ಸೋಲೋ ಮಾತೇ ಬೇಡ. ಐದೂ ರೇಸಲ್ಲಿ ಎಲ್ಲಾ ಕುದುರೇನೂ ಹಾಕ್ಬುಡು."

ನಾನು ಗುಣಿಸಿ ನೋಡಿ, "ಸ್ವಾಮಿ, ಅಷ್ಟು ದುಡ್ಡಿಗೆ ಈ ಕುದುರೆಗಳನ್ನೇ ಕೊಂಡು ಮನೆಗೆ ಹೊಡ್ಕೊಂಡು ಹೋಗಬಹುದು," ಅಂದೆ.

ಅವರು ಗಡ್ಡ ಕೆರೆದುಕೊಂಡು ಬಹಳ ಹೊತ್ತು ಯೋಚಿಸಿದರು. "ಹಂಗಾದ್ರೆ ಒಂದು ಕುದುರೆ ಕಮ್ಮಿ ಮಾಡು."

ಮೇಷ್ಟ್ರ ಪಾಠ

ಹೈಸ್ಕೂಲಿನಲ್ಲಿ ನನಗೆ ಗಣಿತ ಹೇಳಿಕೊಟ್ಟ ಮೇಷ್ಟ್ರು ರಿಟೈರಾಗಿ ಕುವೆಂಪುನಗರದಲ್ಲಿ ಮನೆ ಮಾಡಿದ್ದರು. ಅವರನ್ನು ಮೊದಲ ಸಲ ಸಾಲಿನಲ್ಲಿ ಕಂಡಾಗ ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ಅವರ ಬೆತ್ತದ ರುಚಿ ಕಂಡ ಮೈಗೆ ಅದೇ ಅಭ್ಯಾಸ.

"ಕೂತ್ಕೊಳ್ಳೋ," ಅಂದರು. ಆಮೇಲೆ ಕಿಟಕಿಗೆ ಬಾಯಿ ಹತ್ತಿರ ತಂದು, "ನಮ್ಮನೇಲಿ ಇವಳಿಗೆ ಗೊತ್ತಿಲ್ಲ ಕಣೋ. ಬೆಟ್ಟಕ್ಕೆ ಹೋಗ್ತೀನಿ ಅಂತ ಹೇಳಿ ಬಂದಿದೀನಿ. ಹಿಂದೊಂದು ಸಲ ಸಿಕ್ಕಿಬಿದ್ದಾಗ ಅವಳು ತಿಂಗಳುಗಟ್ಟಲೆ ಮಾತು ಬಿಟ್ಟಿದ್ಲು. ಇನ್ನೊಂದು ಸಲ ಆದ್ರೆ ಅಣ್ಣನ ಮನೆಗೆ ಹೋಗಿಬಿಡ್ತೀನಿ ಅಂದಿದಾಳೆ. ಅವಳು ಹೇಳಿದ್ರೆ ಮಾಡೋಳೇ," ಅಂದರು.

ಅವತ್ತಿನಿಂದ ಅವರಿಗಾಗಿ ಬೆಟ್ಟದ ಕುಂಕುಮದ ಪೊಟ್ಟಣ ನನ್ನ ಡ್ರಾಯರಿನಲ್ಲಿ ಸದಾ ಸಿದ್ಧ. ಗುರುಸೇವೆ ಹಲವು ಬಗೆ.

ಆದರೆ ಮೇಷ್ಟ್ರು ಸುಮ್ಮನೆ ಟಿಕೆಟ್ ಕೊಂಡು ಹೋಗುವ ಜಾತಿಯಲ್ಲ. ಹಿಂದೆ ನಿಂತವನೊಬ್ಬ, "ಕಾಂಬಿನೇಷನ್ ಅಂದ್ರೆ ಎಂಗೆ ಸಾರ್?" ಅಂದದ್ದೇ ತಪ್ಪಾಯಿತು. ಕೈಯಲ್ಲಿದ್ದ ಟೀಗೆ ಬೆರಳು ಅದ್ದಿ ಕಿಟಕಿಯ ಕಟ್ಟೆಯ ಮೇಲೆ ಬರೆಯಲು ಶುರು ಮಾಡಿದರು. ಏನು ಕಂಡರೂ ಅದರ ಮೇಲೆ ಬೆರಳಲ್ಲಿ ಲೆಕ್ಕ ಬರೆಯುವುದು ಅವರ ಹುಟ್ಟುಗುಣ. "ಮೊದಲ್ನೇದ್ರಲ್ಲಿ ಎರಡು, ಎರಡನೇದ್ರಲ್ಲಿ ಮೂರು. ಕೂಡಬಾರದು, ಗುಣಿಸಬೇಕು. ಏನಯ್ಯಾ ಆಯ್ತು?"

"ಐದು ಸಾರ್."

"ಮುಟ್ಠಾಳ! ಕೈ ಚಾಚು!"

ಪಾಪ, ಅವನು ಕೈ ಚಾಚಿಯೇಬಿಟ್ಟ. ಅಷ್ಟರಲ್ಲಿ ಗಂಟೆ ಹೊಡೆಯಿತು, ಕಿಟಕಿ ಮುಚ್ಚಿತು. ಸಾಲಿನಲ್ಲಿ ಒಬ್ಬರಿಗೂ ಟಿಕೆಟ್ ಸಿಗಲಿಲ್ಲ. ಜನ ಮೇಷ್ಟ್ರನ್ನು ಬಾಯಿಗೆ ಬಂದಂತೆ ಬೈದರು. ರೇಸು ಮುಗಿದಾಗ ಎಲ್ಲರೂ ಕಟ್ಟಬೇಕೆಂದಿದ್ದ ಕುದುರೆ ಕೊನೆಯಲ್ಲಿ ಬಂದಿತ್ತು.

ಮುಂದಿನ ರೇಸಿಗೆ ಅದೇ ಜನ ಬಂದು ಮೇಷ್ಟ್ರನ್ನು ಸುತ್ತುಗಟ್ಟಿ, "ಸಾರ್, ಇನ್ನೊಂದು ಚೂರು ಪಾಠ ಮಾಡಿ," ಅಂದರು.

ಜನ್ಮನಕ್ಷತ್ರ

ಪಕ್ಕದ ಬೀದಿಯ ಜ್ಯೋತಿಷಿಗಳೊಬ್ಬರು ಬಂದು, ಓಡುವ ಅಷ್ಟೂ ಕುದುರೆಗಳ ಜನ್ಮನಕ್ಷತ್ರ ಕೇಳಿದರು. ಸಾಲು ಹನುಮಂತನ ಬಾಲದ ಹಾಗೆ ಬೆಳೆದಿತ್ತು. ನಾನು ರೇಗಿ, "ಕುದುರೆ ಅಂದ ಮೇಲೆ ಎಲ್ಲಕ್ಕೂ ಅಶ್ವಿನಿ ನಕ್ಷತ್ರವೇ ಬರ್ಕೊಳ್ಳಿ," ಅಂದೆ. ಅವರು ನಿಜಕ್ಕೂ ಬರೆದುಕೊಂಡು ಹೋದರು. ಕಟ್ಟಿದ್ದೆಲ್ಲ ಸೋತಿತೆಂದು ಆಮೇಲೆ ತಿಳಿಯಿತು.

ಮುಂದಿನ ವಾರ ಮತ್ತೆ ಹಾಜರ್. ಇವತ್ತು ಬೈಗುಳ ಗ್ಯಾರಂಟಿ ಅಂದುಕೊಂಡೆ. ಅವರು ಶಾಂತವಾಗಿ, "ತಪ್ಪು ನಂದೇ ಕಣ್ರೀ. ಮೇಲೆ ಕೂತೋರ್ದೂ ಸೇರಿಸಿ ನೋಡಬೇಕಿತ್ತು. ಜಾಕಿಗಳ ನಕ್ಷತ್ರ ಕೊಡಿ," ಅಂದರು.

ಮೇಜಿನ ಕೆಳಗೆ

ಇಷ್ಟೆಲ್ಲ ಇದ್ದರೂ ಆ ಒಂದು ದಿನಕ್ಕೆ ಸಮ ಯಾವುದೂ ಇಲ್ಲ.

ಮೇಷ್ಟ್ರ ಜಾಕ್‌ಪಾಟಿನಲ್ಲಿ ಅವತ್ತು ನಾಲ್ಕು ರೇಸೂ ಸರಿಯಾಗಿ ಬಂದಿದ್ದವು. ಉಳಿದದ್ದು ಕೊನೆಯದು. ಅದರಲ್ಲಿ ಓಡುವುದೇ ಐದು ಕುದುರೆ, ಮೇಷ್ಟ್ರು ಹಿಡಿದದ್ದು ಎರಡು. ಟಿಕೆಟ್ ಮಾರಾಟ ಮುಗಿದಿತ್ತು. ಕಿಟಕಿಗೆ ಒರಗಿ ಬೆವರು ಒರೆಸಿಕೊಳ್ಳುತ್ತಿದ್ದ ಮೇಷ್ಟ್ರು ಇದ್ದಕ್ಕಿದ್ದಂತೆ ಹಿಂಬಾಗಿಲಿನಿಂದ ನುಗ್ಗಿ ನನ್ನ ಮೇಜಿನ ಕೆಳಗೆ ತೂರಿಕೊಂಡರು.

"ಏನ್ ಸಾರ್?"

"ಕೊಡೆ! ಅವಳ ಕೊಡೆ!"

ನೋಡಿದರೆ, ಜನರ ನಡುವೆ ನೀಲಿ ಕೊಡೆ ನಮ್ಮ ಕಡೆಗೇ ಬರುತ್ತಿದೆ. ಅದರ ಕೆಳಗೆ ಮೇಷ್ಟ್ರ ಹೆಂಡತಿ. ಹುಡುಗನಾಗಿದ್ದಾಗ ಪಾಠಕ್ಕೆ ಹೋದರೆ ಉಪ್ಪಿಟ್ಟು ಕೊಡುತ್ತಿದ್ದ ತಾಯಿ. ಒಂದು ಸಂಸಾರ ನನ್ನ ಮೇಜಿನ ಕೆಳಗೆ ಮುರಿದುಬೀಳುವುದು ನನಗೆ ಖಂಡಿತ ಬೇಕಿರಲಿಲ್ಲ.

"ಚೆನ್ನಾಗಿದೀಯೇನೋ?" ಅಂದರು ಆಕೆ. "ನಿಮ್ಮ ಮೇಷ್ಟ್ರು ಬೆಟ್ಟಕ್ಕೆ ಹೋಗಿದಾರೆ."

"ಹೌದಾ ಅಮ್ಮ? ಪುಣ್ಯವಂತರು."

ರೇಸು ಶುರುವಾಯಿತು. ಧ್ವನಿವರ್ಧಕದಲ್ಲಿ ಮೇಷ್ಟ್ರ ಕುದುರೆ ಮುಂದೆ. ಕೂಗುವಂತಿಲ್ಲ, ಎಗರುವಂತಿಲ್ಲ. ಅವರು ನನ್ನ ಮೊಣಕಾಲನ್ನು ಹಿಡಿದು ಹಿಂಡುತ್ತಿದ್ದರು. ಆಕೆಯ ಎದುರು ನಾನು ನೋವಿಗೆ ಹಲ್ಲು ಕಿರಿಯುತ್ತ, ಮಕ್ಕಳು ಮರಿ ಚೆನ್ನಾಗಿದ್ದಾರಾ ಅಂತ ವಿಚಾರಿಸುತ್ತಿದ್ದೆ. ಕೊನೆಯ ಗಳಿಗೆಯಲ್ಲಿ ಬೇರೊಂದು ಕುದುರೆ ಮೂತಿ ಮುಂದೆ ಚಾಚಿ ಗೆದ್ದುಬಿಟ್ಟಿತು. ಕೆಳಗಿನಿಂದ ಒಂದು ನರಳಾಟ ಬಂತು. ನಾನು ಅದರ ಮೇಲೆ ಜೋರಾಗಿ ಕೆಮ್ಮಿದೆ.

ಆಕೆ ಸೆರಗಿನ ಗಂಟು ಬಿಚ್ಚಿ ಒಂದು ಟಿಕೆಟ್ ತೆಗೆದು ಕಿಟಕಿಯೊಳಕ್ಕೆ ತಳ್ಳಿದರು. ಗೆದ್ದ ಕುದುರೆಯ ಟಿಕೆಟ್.

"ಯಾವಾಗ್ಲೂ ಆ ಕಡೆ ಕಿಟಕಿಗೆ ಹೋಗ್ತಿದ್ದೆ. ಇವತ್ತು ಟಿಕೆಟ್ ಕೊಟ್ಟ ಮೇಲೆ ಅದನ್ನ ಮುಚ್ಚಿಬಿಟ್ರು. ದುಡ್ಡು ನೀನೇ ಕೊಡು."

"ಅಮ್ಮ... ನೀವೂ?"

"ಇನ್ನೇನು ಮಾಡ್ಲೋ? ಮಾತು ಬಿಟ್ಟು ನೋಡಿದ್ದಾಯ್ತು, ಅವರು ಬಿಡ್ಲಿಲ್ಲ. ರೇಸಿನ ದಿನ ಊಟ ಆದ್ಮೇಲೆ ತಟ್ಟೇಲಿ ಮಜ್ಜಿಗೆ ಮೇಲೆ ಬೆರಳಲ್ಲಿ ಕುದುರೆ ನಂಬರ್ ಬರೀತಾ ಕೂತಿರ್ತಾರೆ. ತಟ್ಟೆ ಎತ್ತೋಳು ನಾನಲ್ವಾ? ಅವರು ಯಾವ್ಯಾವ್ದು ಬಿಟ್ಟಿದಾರೋ ಅದಕ್ಕೆಲ್ಲ ಕಟ್ತೀನಿ. ಅವರು ಕಳೆದದ್ದು ಮನೆಗೆ ವಾಪಸ್ ಬರತ್ತೆ." ಆಮೇಲೆ ದನಿ ತಗ್ಗಿಸಿ, "ಅವರಿಗೆ ಮಾತ್ರ ಹೇಳಬೇಡ ಕಣೋ. ನಾಚ್ಕೊಂಡು ಆಟ ಬಿಟ್ಟುಬಿಟ್ರೆ, ಯಾವ ಕುದುರೆ ಸೋಲತ್ತೆ ಅಂತ ನನಗೆ ಯಾರು ಹೇಳ್ತಾರೆ?" ಅಂದರು.

ಮೇಜು ಒಮ್ಮೆ ಅಲುಗಾಡಿತು. ಧಡ್ ಅಂತ ಹಲಗೆಗೆ ತಲೆ ಬಡಿದ ಸದ್ದು. ಕಿಟಕಿಯ ಅಂಚಿನಲ್ಲಿ ಮೊದಲು ಬೋಳುತಲೆ, ಆಮೇಲೆ ಕನ್ನಡಕ, ಕೊನೆಗೆ ಮೇಷ್ಟ್ರು ಪೂರ್ತಿ ಮೂಡಿಬಂದರು. ಮುಖದಲ್ಲಿ ನಾಚಿಕೆಯೂ ಇಲ್ಲ, ಭಯವೂ ಇಲ್ಲ. ಬೋರ್ಡಿನ ಮೇಲೆ ಕಷ್ಟದ ಲೆಕ್ಕ ಬಿಡಿಸಿದಾಗ ಬರುತ್ತಿದ್ದ ಅದೇ ಕಳೆ.

"ಅಯ್ಯೋ ಮಾರಾಯ್ತಿ!" ಅಂದರು. "ನಾನು ಹಿಡಿದದ್ದೂ ನೀನು ಹಿಡಿದದ್ದೂ ಸೇರಿಸಿದ್ರೆ ಎಲ್ಲಾ ಕುದುರೇನೂ ಆಯ್ತಲ್ಲೇ! ಇನ್ನು ನಾವು ಸೋಲೋದು ಹೆಂಗೆ?"